ಕೊಂಡ ಕುದುರೆ

ರಜಕ್ಕೆಂದು ಬಂಗಾರಪೇಟೆಗೆ ಬಂದಿರುವ ನನ್ನ ಮೊಮ್ಮಗನಿಗೆ ಮೊಬೈಲ್ ರೇಸಿನಾಟದಲ್ಲಿ ಹಣೆಯ ಮೇಲೆ ಬಿಳಿ ಚುಕ್ಕೆಯಿರುವ ಕಂದು ಕುದುರೆಯೇ ಬೇಕಂತೆ. “ತಾತ, ಒಟಿಪಿ ಹೇಳಿ” ಎಂದ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು ನಾನು, ಸುಮ್ಮನೆ ಹೇಳಿಬಿಡುತ್ತೇನೆಯೇ? “ಬೇಡವಾದರೆ ಮಾರಬಹುದಾ?” ಎಂದೆ. “ಆಗಲ್ಲ.” “ಆಟವೇ ನಿಂತುಹೋದರೆ?” ಹುಡುಗ ಮಾತಾಡಲಿಲ್ಲ.

ಕುಣಿಗಲ್ಲಿನ ಕಥೆ ಹೇಳಿದೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಅಲ್ಲಿ ದಂಡಿಗೆಂದು ಕುದುರೆ ಸಾಕುತ್ತಿದ್ದರು. ಆಮೇಲೆ ಅಲ್ಲೇ ರೇಸಿನ ಕುದುರೆಗಳೂ ಬೆಳೆದವು. ಮರಿ ತಾಯಿಯ ಹೊಟ್ಟೆಯಲ್ಲಿರುವುದೇ ಸುಮಾರು 11 ತಿಂಗಳು. ಹುಟ್ಟಿದ ಮೇಲೆ ರೇಸಿಗಿಳಿಯಲು 2 ವರ್ಷವಾದರೂ ಬೇಕು. “ಇದರಲ್ಲಿ ಬಟನ್ ಒತ್ತಿದರೆ ಸಾಕು” ಎಂದು ನಕ್ಕ.

ಕೊನೆಗೆ, ಆಟದಲ್ಲಿ ಗೆದ್ದ ನಾಣ್ಯ ಕೂಡಿಟ್ಟೇ ಕೊಳ್ಳುತ್ತೇನೆಂದ. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದುಕೊಟ್ಟೆ: ಜಮಾ, ಖರ್ಚು, ಬಾಕಿ. ನಿನ್ನೆಯ ಬಾಕಿ 340. ಕುದುರೆಗೆ 5,000.