ಮಕ್ಕಳ ಗಾಡಿ, ಹಿರಿಯರ ಕೈ

ಮಣ್ಣೆತ್ತಿನ ಅಮಾವಾಸ್ಯೆಯ ದಿನ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯ ಮನೆಗಳಲ್ಲಿ ಮಕ್ಕಳು ಮಣ್ಣು ತಂದು ಎತ್ತುಗಳನ್ನು ಮಾಡುವದನ್ನು ವಾಚಕರು ಬಲ್ಲರು. ಒಂದು ಕೋಡು ಗಿಡ್ಡವಾದರೂ ಅದು ಮಗುವಿನ ಎತ್ತು; ಯಾರೂ ತಿದ್ದಲು ಹೋಗುವದಿಲ್ಲ, ಪೂಜೆಯೂ ಅದಕ್ಕೇ ಸಲ್ಲುವದು. ಆದರೆ ಅದೇ ಮಗುವು ಶಾಲೆಯಲ್ಲಿ ರೋಬೋಟು ಎಂಬ ಸ್ವಯಂಚಾಲಿತ ಯಂತ್ರವನ್ನು ಕಟ್ಟತೊಡಗಿತೆಂದರೆ ನಮ್ಮ ಕೈ ಸುಮ್ಮನಿರಲಾರದು.

ಇಂಥ ಯಂತ್ರಗಳು ಈಗ ಶ್ರೀಮಂತರ ಮಕ್ಕಳಿಗಷ್ಟೇ ಮೀಸಲಾಗಿಲ್ಲ. 2016ರಲ್ಲಿ ಆರಂಭವಾದ ಅಟಲ್ ಇನ್ನೋವೇಶನ್ ಮಿಶನ್ನಿನ ಮೂಲಕ ಆಯ್ದ ಶಾಲೆಗಳಿಗೆ 20 ಲಕ್ಷ ರೂಪಾಯಿಗಳವರೆಗೆ ನೆರವು ದೊರೆತು, 6ರಿಂದ 12ನೆಯ ಇಯತ್ತೆಯ ವಿದ್ಯಾರ್ಥಿಗಳಿಗಾಗಿ ಪ್ರಯೋಗಶಾಲೆಗಳು ಏರ್ಪಟ್ಟಿವೆ. ಸಾಮಾನುಗಳೇನೋ ಬಂದವು; ಅವುಗಳಿಂದ ಏನು ಮಾಡಬೇಕೆಂಬ ನಿರ್ಣಯ ಯಾರದು? ಅಮೇರಿಕೆಯ ಫಸ್ಟ್ ಸಂಸ್ಥೆಯೂ ಡೆನ್ಮಾರ್ಕಿನ ಲೆಗೋ ಕಂಪನಿಯೂ ಕೂಡಿ 1998ರಲ್ಲಿ ಹುಟ್ಟುಹಾಕಿದ ಪಂದ್ಯದಲ್ಲಿ ಯಂತ್ರವು ಮೇಜಿನ ಮೇಲೆ ಓಡುವ ಅವಧಿ ಎರಡೂವರೆ ನಿಮಿಷ ಮಾತ್ರ. ಆದರೆ ಅದನ್ನು ಹಾಗೇ ಏಕೆ ಕಟ್ಟಿದಿರೆಂದು ಪರೀಕ್ಷಕರು ಕೇಳುವರು. ಉತ್ತರವನ್ನು ಮಕ್ಕಳೇ ಹೇಳತಕ್ಕದ್ದು.

ಈ ಕಟ್ಟಳೆಯ ಅರ್ಥವು ನನಗೆ ತಡವಾಗಿ ತಿಳಿಯಿತು. ನನ್ನ ಅಣ್ಣನ ಮಗನ ತಂಡದವರು ಇಂಥದೇ ಒಂದು ಪಂದ್ಯಕ್ಕಾಗಿ, ಗಾಡಿ ಬೇಗ ಓಡಲೆಂದು 8.8 ಸೆಂಟಿಮೀಟರ್ ವ್ಯಾಸದ ಗಾಲಿಗಳನ್ನು ಆರಿಸಿದ್ದರು. ನಾನು ಹಿಂದಿನ ರಾತ್ರಿ ಅವುಗಳನ್ನು ಕಿತ್ತು 5.6ರ ಗಾಲಿಗಳನ್ನು ಜೋಡಿಸಿ, ಓಟದ ಅಂಕೆಗಳನ್ನೂ ತಿದ್ದಿಬಿಟ್ಟೆನು. ಲೆಕ್ಕವೇನೋ ಸರಿಯೇ: ದೊಡ್ಡ ಗಾಲಿಯು ಒಂದು ಸುತ್ತಿಗೆ 27.6 ಸೆಂಟಿಮೀಟರ್ ಸಾಗಿದರೆ ಚಿಕ್ಕದು 17.6, ಮೋಟರು 10 ಅಂಶ ಹೆಚ್ಚು ತಿರುಗಿದರೆ ಅದರಲ್ಲಿ ಮುಕ್ಕಾಲು, ಇದರಲ್ಲಿ ಅರ್ಧ ಸೆಂಟಿಮೀಟರಿನಷ್ಟು ಗುರಿ ತಪ್ಪುವದು. ಗಾಡಿ ಚೆನ್ನಾಗಿ ಓಡಿತು. ಆದರೆ "ಈ ಗಾಲಿಯನ್ನೇ ಏಕೆ ಆರಿಸಿದಿರಿ?" ಎಂದು ಕೇಳಲು ಹುಡುಗರು ಒಬ್ಬರ ಮುಖವನ್ನೊಬ್ಬರು ನೋಡಿದರು. ಮನೆಗೆ ಬಂದ ಮೇಲೆ ಹುಡುಗನು, "ಅದು ನಿಮ್ಮ ಗಾಡಿ ಆತರಿ ಕಾಕಾ, ನಮ್ಮದಲ್ಲ" ಎಂದನು. ಎರಡು ದಿನ ನನ್ನೊಡನೆ ಮಾತನಾಡಲಿಲ್ಲ.

ಎಲ್ಲವನ್ನೂ ಮಕ್ಕಳಿಗೇ ಬಿಡಬೇಕೆಂದಲ್ಲ. ಕಾದ ಬೆಸುಗೆಯ ಕಡ್ಡಿ, ಉಬ್ಬಿದ ಬ್ಯಾಟರಿ, ಖರ್ಚಿನ ಮಿತಿ ಇವು ಹಿರಿಯರ ಪಾಲಿನವು. ಇವುಗಳಲ್ಲಿ ದಾಕ್ಷಿಣ್ಯ ಸಲ್ಲದು. ಗಾಲಿ, ಕೈ, ಯಾವ ಕೆಲಸ ಮೊದಲು ಯಾವುದು ಆಮೇಲೆ ಎಂಬುದು ಅವರವು. ಮಕ್ಕಳಿಗೆ ಬಿಡುವದೆಂದರೆ ಗಟ್ಟಿ ದನಿಯ ಒಬ್ಬನಿಗೆ ಬಿಡುವದೂ ಅಲ್ಲ. ಮೂಲೆಯಲ್ಲಿ ಕುಳಿತ ಹುಡುಗಿಯ ನಕ್ಷೆಯನ್ನೂ ರಟ್ಟಿನಲ್ಲಿ ಕಟ್ಟಿ ನೋಡಬೇಕು. ತಪ್ಪು ಕಂಡರೆ, "ಹತ್ತು ಸಲ ಓಡಿಸಿ, ನಿಂತ ಜಾಗಕ್ಕೆ ಖಡುವಿನಿಂದ ಗುರುತು ಹಾಕ್ರಿ" ಎಂದಷ್ಟೇ ಹೇಳಿದರೆ ಸಾಕು.

ಮರುವರ್ಷ ನಾನು ಹಾಗೆಯೇ ಹೇಳಿ ಹೊರಗೆ ಪಡಸಾಲೆಯಲ್ಲಿ ಕುಳಿತೆನು. ಗುರುತುಗಳು ಚದುರಿದ್ದನ್ನು ಹುಡುಗರು ತಾವೇ ಕಂಡರು. ಆದರೂ ದೊಡ್ಡ ಗಾಲಿಯನ್ನು ಬಿಡಲಿಲ್ಲ. ಪ್ರತಿ ತಿರುವಿಗೆ ಮುಂಚೆ ಗಾಡಿಯ ಬೆನ್ನನ್ನು ಮೇಜಿನ ಅಂಚಿನ ಪಟ್ಟಿಗೆ ಒತ್ತಿಸಿ ನೆಟ್ಟಗೆ ಮಾಡಿಕೊಳ್ಳುವ ಉಪಾಯ ಹೂಡಿದರು. ಅದು ನನಗೆ ಹೊಳೆದಿರಲಿಲ್ಲ.