ದಂಡು ತೆರಳಿದ ಮರುದಿನ

ಪರನಾಡಿನಲ್ಲಿ ಬೀಡುಬಿಟ್ಟ ಸೈನ್ಯವನ್ನು ಹಿಂದಕ್ಕೆ ಕರೆಯಿಸಬೇಕೇ ಬೇಡವೇ ಎಂಬ ವಾದವು ನಮ್ಮ ಕಾಲದಲ್ಲಿ ಮೇಲಿಂದ ಮೇಲೆ ಕೇಳಿಬರುತ್ತಲಿದೆ. ಅಮೇರಿಕೆಯ ಕೊನೆಯ ಸೈನಿಕ ವಿಮಾನವು 2021ನೆಯ ಇಸವಿಯ ಅಗಸ್ಟ 30ರಂದು ಕಾಬೂಲನ್ನು ಬಿಟ್ಟಾಗ, ಇಪ್ಪತ್ತು ವರ್ಷಗಳ ಯುದ್ಧವು ಮುಗಿಯಿತೆಂದು ನಿಟ್ಟುಸಿರುಬಿಟ್ಟವರೂ, ನಂಬಿದವರನ್ನು ನಡುನೀರಿನಲ್ಲಿ ಕೈಬಿಟ್ಟರೆಂದು ಹಳಿದವರೂ ಆ ದೇಶದಲ್ಲಿಯೇ ಇದ್ದರು. ನಮ್ಮ ದೇಶವು ಈ ಅನುಭವಕ್ಕೆ ಹೊರತಾದುದಲ್ಲ. 1987ರಲ್ಲಿ ಸಿಂಹಳಕ್ಕೆ ಹೋದ ನಮ್ಮ ಶಾಂತಿಪಾಲನಾ ಪಡೆಯು ಸುಮಾರು 1200 ಯೋಧರನ್ನು ಕಳೆದುಕೊಂಡು 1990ರ ಮಾರ್ಚಿಯಲ್ಲಿ ಮದರಾಸಿನ ಬಂದರದಲ್ಲಿ ಇಳಿದಾಗ, ಅಲ್ಲಿಯ ಮುಖ್ಯಮಂತ್ರಿಗಳಾಗಿದ್ದ ಕರುಣಾನಿಧಿಯವರು ಅದರ ಸ್ವಾಗತಕ್ಕೆ ಹೋಗಲಿಲ್ಲ. ಸೈನ್ಯವು ಹೋದದ್ದು ತಪ್ಪೋ, ನಿಂತದ್ದು ತಪ್ಪೋ, ಬಂದದ್ದು ತಪ್ಪೋ ಎಂಬ ಚರ್ಚೆಯು ಇಂದಿಗೂ ತೀರಿಲ್ಲ.

ಇಂಥ ವಾದಗಳನ್ನು ಓದಿದಾಗಲೆಲ್ಲ ನಮಗೆ ದೂರದ ಕಾಬೂಲಿಗಿಂತ ಮೊದಲು ಬೀದರ ಜಿಲ್ಲೆಯ ರಾಜೇಶ್ವರವು ನೆನಪಾಗುವದು. ಬಸವಕಲ್ಯಾಣ ತಾಲೂಕಿನಲ್ಲಿದ್ದು ಹುಮನಾಬಾದಕ್ಕೆ ಸಮೀಪವಾದ ಈ ಊರು ಸೊಲ್ಲಾಪುರದಿಂದ ಹೈದರಾಬಾದಕ್ಕೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿದೆ. 1948ರ ಸಪ್ಟಂಬರ 13ರಂದು ನಳದುರ್ಗದ ಕಡೆಯಿಂದ ನಿಜಾಮರ ಸೀಮೆಯನ್ನು ಹೊಕ್ಕ ಭಾರತದ ಸೈನ್ಯವು ಮರುದಿನ ಉಮರ್ಗಾದಿಂದ ಹೊರಟು, ಮೂವತ್ತು ಮೈಲುಗಳ ದಾರಿಯನ್ನು ಕ್ರಮಿಸಿ, ಮಧ್ಯಾಹ್ನಕ್ಕೆ ರಾಜೇಶ್ವರವನ್ನು ಕೈವಶಮಾಡಿಕೊಂಡಿತು. ದಾರಿಯಲ್ಲಿ ಹೊಂಚುಹಾಕಿ ಕುಳಿತವರನ್ನು ಚದರಿಸಲಿಕ್ಕೆ ಮೊದಲು ವಿಮಾನಗಳು ಬರಬೇಕಾಯಿತು. 17ರ ಬೆಳಗಿಗೆ ಬೀದರ ಸಿಕ್ಕಿತು. ಅದೇ ಸಂಜೆ ಐದಕ್ಕೆ ಕದನವು ನಿಂತಿತು. ಹೈದರಾಬಾದ ಸೇನೆಯ ದಂಡನಾಯಕ ಎಲ್ ಎಡ್ರೂಸರು 18ರಂದು ಮೇಜರ ಜನರಲ್ ಚೌಧರಿಯವರಿಗೆ ಶರಣಾಗತರಾದರು. ಈ ಕಥೆಯನ್ನು ಪ್ರತಿ ಸಪ್ಟಂಬರ 17ರಂದು ಧ್ವಜವಂದನೆಯ ಹೊತ್ತಿಗೆ ನಮ್ಮ ಶಾಲೆಯ ಮಕ್ಕಳು ಕೇಳುತ್ತಾರೆ. ಆದರೆ ಸೈನ್ಯವು ಬಂದ ಕಥೆಯನ್ನು ಹೇಳುವವರು, ಅದೇ ವರ್ಷದ ಆರಂಭದಲ್ಲಿ ಅದು ಹೋದ ಕಥೆಯನ್ನು ಹೇಳುವದಿಲ್ಲ. ನಮ್ಮ ಮಾತು ಅದರ ಬಗ್ಗೆ.

1947ರ ನವೆಂಬರ 29ರಂದು ಭಾರತ ಸರಕಾರಕ್ಕೂ ನಿಜಾಮರಿಗೂ ಒಂದು ವರ್ಷದ ಅವಧಿಯ ಯಥಾಸ್ಥಿತಿ ಒಪ್ಪಂದವಾಯಿತಷ್ಟೆ. ಅದರ ಮೊದಲನೆಯ ಕಲಮು ಚಿಕ್ಕದು, ಆದರೆ ಅದನ್ನು ಎಷ್ಟು ಸಲ ಓದಿದರೂ ಕಡಿಮೆ. ಯುದ್ಧಕಾಲವನ್ನುಳಿದು, ಅದೂ ನಿಜಾಮರ ಒಪ್ಪಿಗೆಯಿಲ್ಲದೆ, ಹೈದರಾಬಾದ ಸೀಮೆಯಲ್ಲಿ ಸೈನ್ಯವನ್ನಿಡುವ ಹಕ್ಕು ಭಾರತಕ್ಕಿಲ್ಲ; ಸಂಸ್ಥಾನದೊಳಗಿನ ಶಾಂತಿರಕ್ಷಣೆಗೆ ಸೈನ್ಯವನ್ನು ಕಳಿಸುವ ಹೊಣೆಯೂ ಭಾರತಕ್ಕಿಲ್ಲ. ಹಕ್ಕೂ ಹೋಯಿತು, ಹೊಣೆಯೂ ಹೋಯಿತು. ಅದರಂತೆ 1948ರ ಆರಂಭದಲ್ಲಿ ಸಿಕಂದರಾಬಾದದ ದಂಡಿನ ಪಾಳೆಯವು ಬರಿದಾಯಿತು.

ಈ ಹಿಂದೆಗೆತವನ್ನು ಒಪ್ಪಿದವರಲ್ಲಿ ನ್ಯಾಯವಿರಲಿಲ್ಲವೆಂದು ನಾವು ಹೇಳಲಾರೆವು. ಆ ದಂಡು ಪ್ರಜೆಗಳನ್ನು ಕಾಯಲು ಬಂದದ್ದಲ್ಲ. 1798ರ ಸಹಾಯಕ ಸೈನ್ಯದ ಕರಾರಿನಿಂದ ಮೊದಲಾಗಿ ಒಂದೂವರೆ ಶತಮಾನ ಅದು ಇಂಗ್ಲಿಷರ ಹಿತವನ್ನೂ ನಿಜಾಮರ ಗಾದಿಯನ್ನೂ ಕಾಯ್ದಿತು. ಅಂಥ ಪಡೆಯ ವೆಚ್ಚದ ಬಾಕಿಗಾಗಿಯೇ 1853ರಲ್ಲಿ ನಿಜಾಮರು ವರ್ಹಾಡದೊಡನೆ ನಮ್ಮ ರಾಯಚೂರು ದೋಆಬನ್ನೂ ಕಂಪನಿಯ ಕೈಗೊಪ್ಪಿಸಿದರು. ದೋಆಬು ತಿರುಗಿ ಬಂದದ್ದು 1860ರಲ್ಲಿ. ದಂಡಿನ ಸಾಲಕ್ಕೆ ಕನ್ನಡ ನೆಲವು ಅಡವಾಗಿ ಹೋಗಿ ಬಂತು. ಕನ್ನಡಿಗನನ್ನು ಆಗಲೂ ಯಾರೂ ಕೇಳಲಿಲ್ಲ, ಈಗಲೂ ಕೇಳಲಿಲ್ಲ. ಪರಮಾಧಿಕಾರವು ಇಂಗ್ಲಿಷರೊಡನೆ ಹೋದ ಮೇಲೆ ಅವರ ಕರಾರಿನ ದಂಡು ಮಾತ್ರ ಏಕೆ ಉಳಿಯಬೇಕು ಎಂದು ನಿಜಾಮರ ಪಕ್ಷದವರು ಕೇಳಿದ್ದು ಕಾನೂನಿನ ದೃಷ್ಟಿಯಿಂದ ಸುಳ್ಳಲ್ಲ. ಕಾಶ್ಮೀರದಲ್ಲಿ ಕಾಳಗ ನಡೆದಿತ್ತು. ಮೌಂಟಬ್ಯಾಟನ್ನರು ಸಂಧಾನದ ಬಾಗಿಲನ್ನು ಮುಚ್ಚಲು ಒಪ್ಪಲಿಲ್ಲ. ಕೊಟ್ಟ ಮಾತನ್ನು ನಡೆಯಿಸಬೇಕೆಂಬ ಮರ್ಯಾದೆಯೂ ಒಂದಿತ್ತು.

ಇನ್ನೊಂದು ಪಕ್ಷವು ಪ್ರಜೆಗಳದು. ಸಿಂದಗಿಯಲ್ಲಿ ಹುಟ್ಟಿದ ಸ್ವಾಮಿ ರಾಮಾನಂದ ತೀರ್ಥರ ನೇತೃತ್ವದ ಸ್ಟೇಟ್ ಕಾಂಗ್ರೆಸ್ಸು ಕೇಳಿದ್ದು ಭಾರತದಲ್ಲಿ ವಿಲೀನವನ್ನು ಮತ್ತು ಪ್ರಜೆಗಳಿಗೆ ಜವಾಬ್ದಾರವಾದ ಸರಕಾರವನ್ನು. ಇವೆರಡೂ ಆ ಒಪ್ಪಂದದಲ್ಲಿರಲಿಲ್ಲ. 1947ರ ಅಗಸ್ಟ 15ರಂದು ದೇಶಕ್ಕೆಲ್ಲ ಹಬ್ಬವಾದಾಗ ಸ್ವಾಮಿಗಳು ಸೆರೆಮನೆಗೆ ಹೋದರು. ಮುಂಡರಗಿ, ಗಜೇಂದ್ರಗಡ ಮೊದಲಾದ ಗಡಿಯ ಊರುಗಳಲ್ಲಿ ಶಿಬಿರ ಹೂಡಿದ ಅಳವಂಡಿ ಶಿವಮೂರ್ತಿ ಸ್ವಾಮಿಗಳಂಥವರು ದಿಲ್ಲಿಯ ಕರಾರಿನ ಆಸೆಯನ್ನು ಬಿಟ್ಟು ತಮ್ಮ ದಾರಿಯನ್ನು ತಾವೇ ನೋಡಿಕೊಂಡರು.

ದಂಡು ಹೋದ ಮೇಲೆ ಹಳ್ಳಿಗಳ ಪಾಡು ಏನಾಯಿತೆಂಬದನ್ನು ಬೀದರ ಸೀಮೆಯ ವಾಚಕರಿಗೆ ನಾವು ತಿಳಿಸಬೇಕಾಗಿಲ್ಲ. ಕಾಸಿಂ ರಜವಿಯ ರಜಾಕಾರರಿಗೆ ತಡೆ ಇಲ್ಲವಾಯಿತು. 1948ರ ಮೇ 9ರಂದು ಇದೇ ಬಸವಕಲ್ಯಾಣ ಸೀಮೆಯ ಗೋರಟಾ ಗ್ರಾಮದ ಮೇಲೆ ಬಿದ್ದ ಗುಂಪು ನಡೆಯಿಸಿದ ಕೊಲೆಯಲ್ಲಿ ಇನ್ನೂರಕ್ಕೂ ಹೆಚ್ಚು ಜನ ಮಡಿದರೆಂದು ಆ ಸೀಮೆಯ ಲೆಕ್ಕ. ಸಿಕಂದರಾಬಾದದಲ್ಲಿ ಪಡೆಯಿದ್ದಿದ್ದರೆ ಗೋರಟಾ ಉಳಿಯುತ್ತಿತ್ತೆಂದು ನಾವು ಆಣೆಮಾಡಿ ಹೇಳಲಾರೆವು. ನೂರು ಮೈಲಿಗೆ ಸಮೀಪದ ದೂರದಲ್ಲಿದ್ದ ದಂಡು, ನಿಜಾಮರ ಅಪ್ಪಣೆಯಿಲ್ಲದೆ, ಒಂದು ಹಳ್ಳಿಯ ಕೂಗಿಗೆ ಎದ್ದು ಬರುತ್ತಿತ್ತೆಂದು ನಂಬುವದು ಕಷ್ಟ. ಆದರೆ ಹೊಣೆಯನ್ನು ಕಲಮು ಬರೆದು ಕಳಚಿಟ್ಟವರು ಅದನ್ನು ಬೇರೆ ಯಾರ ತಲೆಯ ಮೇಲೂ ಇಡಲಿಲ್ಲ. ಗೋರಟಾದ ಜನರು ಯಾರ ಬಾಗಿಲಿಗೆ ಹೋಗಬೇಕಾಗಿತ್ತು? ಆ ಅಗಸ್ಟಿನಲ್ಲಿ ಹೈದರಾಬಾದ ಪಟ್ಟಣದಲ್ಲಿಯೇ, ವಿಲೀನದ ಪರವಾಗಿ ಬರೆದ ತಪ್ಪಿಗೆ, 'ಇಮ್ರೋಜ್' ಪತ್ರಿಕೆಯ ತರುಣ ಸಂಪಾದಕ ಶೋಯೆಬುಲ್ಲಾ ಖಾನರನ್ನು ಕೊಂದರು. ನಮ್ಮ ವೃತ್ತಿಬಂಧುವಾದ ಆ ಮುಸಲ್ಮಾನ ತರುಣನನ್ನು ಕಾಯುವವರೂ ಯಾರೂ ಇರಲಿಲ್ಲ.

ವಿಚಿತ್ರವನ್ನು ನೋಡಿರಿ. 1948ರ ಸಪ್ಟಂಬರ 7ರಂದು ಪಂಡಿತ ನೆಹರೂ ಅವರು ದಿಲ್ಲಿಯ ಸಭೆಯಲ್ಲಿ ನಿಜಾಮರಿಗೆ ಕೊಟ್ಟ ಕೊನೆಯ ಎಚ್ಚರಿಕೆಯನ್ನು ತಿಳಿಸಿದರು. ಅದರಲ್ಲಿದ್ದ ಬೇಡಿಕೆಗಳು ಎರಡು: ರಜಾಕಾರರನ್ನು ವಿಸರ್ಜಿಸಬೇಕು, ಭಾರತದ ಸೈನ್ಯವು ಸಿಕಂದರಾಬಾದಕ್ಕೆ ತಿರುಗಿ ಬರಲು ಅನುಕೂಲ ಮಾಡಿಕೊಡಬೇಕು. ವರ್ಷದ ಆದಿಯಲ್ಲಿ ಯಾವ ಪಾಳೆಯವನ್ನು ಬಿಟ್ಟುಬಂದಿದ್ದರೋ ಅದೇ ಪಾಳೆಯವನ್ನು ತಿರುಗಿ ಕೇಳಬೇಕಾಯಿತು. ಅದು ಮಾತಿನಿಂದ ಸಿಕ್ಕಲಿಲ್ಲವೆಂದು ರಾಜೇಶ್ವರದ ದಾರಿಯಲ್ಲಿ ತೋಪುಗಳು ಉರುಳಬೇಕಾಯಿತು. ಸೈನ್ಯವನ್ನು ಕರೆಯಿಸಿದವರ ಲೆಕ್ಕದ ಪುಸ್ತಕದಲ್ಲಿ ಈ ನಡುವಿನ ತಿಂಗಳುಗಳನ್ನು ಯಾವ ಬಾಬಿನಲ್ಲಿ ಬರೆಯುತ್ತಾರೆಂಬದನ್ನು ನಾವು ತಿಳಿಯಬಯಸುತ್ತೇವೆ.

ಇಲ್ಲಿಗೆ ನಿಲ್ಲಿಸಿದರೆ ನಮ್ಮ ಲೇಖನವು ಸುಲಭವಾಗುತ್ತಿತ್ತು, ಅನೇಕರಿಗೆ ಪ್ರಿಯವೂ ಆಗುತ್ತಿತ್ತು. ಆದರೆ ಸತ್ಯವು ಸಪ್ಟಂಬರ 17ಕ್ಕೆ ಮುಗಿಯುವದಿಲ್ಲ. ಸೈನ್ಯವು ಹೆದ್ದಾರಿಯಿಂದ ಮುಂದೆ ಸಾಗಿದ ಮೇಲೆ ಹೆದ್ದಾರಿಯ ಆಚೆಈಚೆಯ ಹಳ್ಳಿಗಳಲ್ಲಿ ಸೇಡಿನ ದಿನಗಳು ಬಂದವು. ರಜಾಕಾರನಲ್ಲದ ಮುಸಲ್ಮಾನ ನೇಕಾರನೂ ಒಕ್ಕಲಿಗನೂ ರಜಾಕಾರನ ಪಾಪಕ್ಕೆ ದಂಡ ತೆತ್ತರು. ನೆಹರೂ ಅವರ ಇಚ್ಛೆಯಂತೆ ಪಂಡಿತ ಸುಂದರಲಾಲ, ಕಾಜಿ ಅಬ್ದುಲ್ ಗಫಾರ ಮೊದಲಾದವರು 1948ರ ಕೊನೆಯಲ್ಲಿ ಸಂಸ್ಥಾನದಲ್ಲಿ ಸಂಚರಿಸಿ ವರದಿಯನ್ನು ಕೊಟ್ಟರು. ಅತಿ ಕಡಿಮೆ ಅಂದಾಜಿನಿಂದಲೂ ಇಡೀ ಸಂಸ್ಥಾನದಲ್ಲಿ 27 ಸಾವಿರದಿಂದ 40 ಸಾವಿರ ಜನ ಸತ್ತರೆಂದು ಅವರು ಬರೆದರು. ಎಲ್ಲಕ್ಕೂ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಅವರು ಹೆಸರಿಸಿದ್ದು ಉಸ್ಮಾನಾಬಾದ, ಗುಲಬರ್ಗಾ, ಬೀದರ, ನಾಂದೇಡ; ಈ ನಾಲ್ಕರಲ್ಲಿಯೇ 18 ಸಾವಿರಕ್ಕೆ ಕಡಿಮೆಯಿಲ್ಲ. ಕೆಲವು ಕಡೆ ಸೈನಿಕರೂ ಪೋಲೀಸರೂ ಲೂಟಿಯಲ್ಲಿ ಪಾಲುಗೊಂಡರೆಂಬದನ್ನು ಅವರು ಮರೆಮಾಡಲಿಲ್ಲ. ಸರದಾರ ಪಟೇಲರು ಈ ವರದಿಯನ್ನು ಮನ್ನಿಸಲಿಲ್ಲ. ಸರಕಾರವು ಅದನ್ನು ಪ್ರಕಟಿಸಲಿಲ್ಲ. ಅಂಕಿಗಳಲ್ಲಿ ಹೆಚ್ಚುಕಡಿಮೆ ಇದ್ದೀತು. ಆದರೆ ನಾಲ್ಕರಲ್ಲಿ ಎರಡು ಜಿಲ್ಲೆಗಳು ಕನ್ನಡ ಜಿಲ್ಲೆಗಳು. ಕನ್ನಡದ ಹೆಸರಿನಿಂದ ನಡೆಯುವ ಪತ್ರಿಕೆಯು ಗೋರಟಾಕ್ಕಾಗಿ ಅತ್ತು ಇವರಿಗಾಗಿ ಮೌನವಾದರೆ, ಅದು ಕನ್ನಡಿಗರಲ್ಲಿ ಅರ್ಧ ಜನರನ್ನು ಎಣಿಸಿ ಅರ್ಧ ಜನರನ್ನು ಬಿಟ್ಟಂತೆ.

ದಂಡು ಹೋದಾಗಲೂ ಹಳ್ಳಿಯು ಅನಾಥವಾಯಿತು; ದಂಡು ಬಂದು ಹಾದುಹೋದಾಗಲೂ ಅನಾಥವಾಯಿತು. ಎರಡೂ ಸಲ ಇಲ್ಲದ್ದು ಒಂದೇ ವಸ್ತು: ಮರುದಿನ ಬೆಳಿಗ್ಗೆ ಹಳ್ಳಿಗೆ ಉತ್ತರ ಹೇಳಬೇಕಾದ, ಹಳ್ಳಿಯ ಭಾಷೆಯನ್ನು ಬಲ್ಲ, ಹಳ್ಳಿಯವರೇ ಆರಿಸಿದ ಸರಕಾರ. ಆದುದರಿಂದ ಸೈನ್ಯವು ಯಾವ ತಾರೀಖಿಗೆ ಹೊರಡಬೇಕೆಂಬ ವಾದದಲ್ಲಿ ನಾವು ಯಾವ ಪಕ್ಷಕ್ಕೂ ಸೇರಿದವರಲ್ಲ. ದಂಡು ಹೋಗಲೇಬೇಕಾಗಿತ್ತು. ಹೋಗುವ ಕರಾರಿನಲ್ಲಿಯೇ ಜವಾಬ್ದಾರ ಸರಕಾರದ ಕಲಮನ್ನು ಬರೆಯಿಸಿಕೊಳ್ಳಬೇಕಾಗಿತ್ತು.

ಬಂದ ಸೈನ್ಯವು ಎಷ್ಟು ದಿನ ನಿಂತಿತೆಂಬದೂ ವಿಚಾರಾರ್ಹವೇ. ಚೌಧರಿಯವರ ಮಿಲಿಟರಿ ಆಡಳಿತವು 1949ರ ಕೊನೆಯವರೆಗೆ ನಡೆಯಿತು. ಅವರ ಕಾಲದಲ್ಲಿಯೇ, 1949ರ ಅಗಸ್ಟಿನಲ್ಲಿ, ಜಹಗೀರುಗಳು ರದ್ದಾಗಿ ಕಲ್ಯಾಣಿಯ ನವಾಬರ ಜಹಗೀರೂ ಹೋಯಿತು. ಆ ಪುಣ್ಯಕಾರ್ಯದ ಯಶಸ್ಸನ್ನು ನಾವು ಅವರಿಗೆ ಕೊಡಲೇಬೇಕು. ಅವರ ತರುವಾಯ ಬಂದ ವೆಲ್ಲೋಡಿಯವರು ಅಧಿಕಾರಿವರ್ಗದವರು. ಪ್ರಜೆಗಳು ಆರಿಸಿದ ಬೂರ್ಗುಲ ರಾಮಕೃಷ್ಣರಾಯರ ಮಂತ್ರಿಮಂಡಳವು ಬಂದದ್ದು 1952ರ ಮಾರ್ಚಿಯಲ್ಲಿ. ಮೂರೂವರೆ ವರ್ಷ! ಅಷ್ಟರಲ್ಲಿ ತೆಲಂಗಾಣದಲ್ಲಿ ನಿಜಾಮರ ವಿರುದ್ಧ ಬಂದ ಸೈನ್ಯವೇ ರೈತರ ದಂಗೆಯ ವಿರುದ್ಧ ತಿರುಗಿ, 1951ರ ಅಕ್ಟೋಬರದಲ್ಲಿ ಕಮ್ಯುನಿಸ್ಟ ಪಕ್ಷವು ಸಶಸ್ತ್ರ ಹೋರಾಟವನ್ನು ಹಿಂದೆಗೆದುಕೊಳ್ಳುವವರೆಗೆ ಆ ಕಾಳಗವು ಜಗ್ಗಿತು. ಅದು ಬೇರೆಯೇ ಒಂದು ಲೇಖನದ ವಿಷಯ.

ನಮ್ಮ ಸೀಮೆಗೆ ಕೊನೆಯ ಉತ್ತರ ದೊರೆತದ್ದು ಏಕೀಕರಣದಿಂದ. ಅದೂ ಸುಲಭವಾಗಿ ದೊರೆಯಲಿಲ್ಲ. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡ ಕಲಿಸಿದ ಜಿಲ್ಲೆಯಿದು. ಇಂಥ ಬೀದರನ್ನು 1955ರ ಫಜಲ್ ಅಲಿ ಆಯೋಗವು ಕರ್ನಾಟಕಕ್ಕೆ ಕೊಡದೆ, ಗುಲಬರ್ಗಾ ರಾಯಚೂರುಗಳನ್ನು ಮಾತ್ರ ಇತ್ತ ಕಳಿಸಿ, ತೆಲುಗು ಜಿಲ್ಲೆಗಳೊಡನೆ ಹೈದರಾಬಾದದಲ್ಲಿಯೇ ಇಡಬೇಕೆಂದು ಶಿಫಾರಸು ಮಾಡಿತ್ತು. ದಂಡು ಬಂದು ಹೋದರೂ ಊರು ಮಾತ್ರ ಮತ್ತೊಬ್ಬರ ಕಚೇರಿಯ ಹೊಸ್ತಿಲಲ್ಲಿಯೇ ನಿಲ್ಲಬೇಕೆಂದು ಇದರ ಅರ್ಥ. ಕೊನೆಗೆ 1956ರ ನವೆಂಬರ 1ರಂದು ಅಹಮದಪುರ, ನಿಲಂಗಾ, ಉದಗೀರ ತಾಲೂಕುಗಳು ಮುಂಬಯಿ ರಾಜ್ಯಕ್ಕೂ ಕೆಲವು ಭಾಗವು ಆಂಧ್ರಕ್ಕೂ ಹೋಗಿ, ಉಳಿದ ಬೀದರ ನಮ್ಮದಾಯಿತು; ಅದೇ ವರ್ಷ ಕಲ್ಯಾಣಿಯು ಬಸವಕಲ್ಯಾಣವಾಯಿತು. ಅಂದಿನಿಂದ ರಾಜೇಶ್ವರದ ರೈತನು ತನ್ನ ಅಹವಾಲನ್ನು ತನ್ನ ಭಾಷೆಯಲ್ಲಿ, ತಾನು ಆರಿಸಿದವನ ಮುಂದೆ ಹೇಳಬಲ್ಲನು. ಅವನ ಅಹವಾಲು ಎಷ್ಟು ಸಲ ಕೇಳಲ್ಪಟ್ಟಿತೆಂಬದು ಬೇರೆ ಮಾತು.

2023ರಲ್ಲಿ ಗೋರಟಾದಲ್ಲಿ ಹುತಾತ್ಮರ ಸ್ಮಾರಕವು ಉದ್ಘಾಟಿತವಾಯಿತು. ತಡವಾದರೂ ಯೋಗ್ಯವಾದ ಕಾರ್ಯ. ಸುಂದರಲಾಲರ ವರದಿಯು, ಹಿಂದೆ ನೆಹರೂ ಸ್ಮಾರಕವೆನಿಸಿದ್ದ ದಿಲ್ಲಿಯ ಗ್ರಂಥಾಲಯದಲ್ಲಿ ನೋಡಲಿಕ್ಕೆ ದೊರೆಯಹತ್ತಿ ಹಲವು ವರ್ಷಗಳಾದವು. ಬೀದರದ ಶಾಲಾಮಾಸ್ತರನು ಅದಕ್ಕಾಗಿ ದಿಲ್ಲಿಗೆ ಹೋಗಲಾರನು. 1948ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ತೊಂಬತ್ತರ ಸಮೀಪದಲ್ಲಿದ್ದಾರೆ. ಬೀದರ, ಕಲಬುರಗಿ ಜಿಲ್ಲೆಗಳಿಗೆ ಸಂಬಂಧಿಸಿದ ಸರಕಾರಿ ಕಾಗದಪತ್ರಗಳನ್ನು, ಆ ವರದಿಯನ್ನೂ ಗೋರಟಾದ ಸಾಕ್ಷ್ಯಗಳನ್ನೂ ಕೂಡಿಸಿ, ಕರ್ನಾಟಕ ಸರಕಾರವು ಕನ್ನಡದಲ್ಲಿ ಒಂದೇ ಸಂಪುಟವಾಗಿ ಅಚ್ಚುಹಾಕಿಸಲಿ. ಬಸವಕಲ್ಯಾಣ, ಹುಮನಾಬಾದ, ಭಾಲ್ಕಿ, ಔರಾದ ತಾಲೂಕುಗಳ ಶಿಕ್ಷಕರು ಸರಕಾರದ ದಾರಿ ಕಾಯದೆ, ತಮ್ಮ ತಮ್ಮ ಊರಿನ ಮುದುಕರಲ್ಲಿಗೆ, ಹಿಂದೂಗಳ ಓಣಿಗೂ ಮುಸಲ್ಮಾನರ ಓಣಿಗೂ, ಈ ದಸರೆಯ ರಜೆಯಲ್ಲಿಯೇ ಒಂದು ನೋಟುಬುಕ್ಕನ್ನು ಹಿಡಿದು ಹೋಗಲಿ. ಅವರು ಬರೆದು ಕಳಿಸಿದುದಕ್ಕೆ ನಮ್ಮ ಪತ್ರಿಕೆಯಲ್ಲಿ ಸ್ಥಳವಿದೆ.