ಶರದೃತುವಿನ ಕಡಲಮೀನು ಮತ್ತು ನಮ್ಮ ಮಾರುಕಟ್ಟೆ

ಯಾಂತ್ರಿಕ ದೋಣಿಗಳ ಮೇಲಿನ 61 ದಿನಗಳ ಮೀನುಗಾರಿಕೆ ನಿಷೇಧವು ಪ್ರತಿವರ್ಷ ಜುಲೈ 31ಕ್ಕೆ ಮುಗಿಯುತ್ತದೆ. ಮಳೆ ತಗ್ಗಿ ಕಡಲು ಶಾಂತವಾದಂತೆ ಕಾರವಾರ, ಮಲ್ಪೆಗಳಲ್ಲಿ ದಡದ ಸಮೀಪವೇ ಬಂಗಡೆ, ಬೂತಾಯಿ ಹೇರಳವಾಗಿ ದೊರೆಯುತ್ತವೆ. ಮೀನು ಒಮ್ಮೆಲೇ ಬಂದ ದಿನ ದರ ಕುಸಿಯುತ್ತದೆ. ಉಣ್ಣುವ ಬೂತಾಯಿ ಮೀನುಹಿಟ್ಟಿನ ಕಾರ್ಖಾನೆ ಸೇರುತ್ತದೆ.

ಕಾರವಾರದಿಂದ ವಿಜಯಪುರಕ್ಕೆ ಹುಬ್ಬಳ್ಳಿಯ ಮೇಲೆ ಹಾಯ್ದರೆ ಒಂದು ರಾತ್ರಿಯ ದಾರಿ. ಆದರೆ ದೂರದ ಸಾಗಣೆಗೆ ಮೀನಿನ ತೂಕದಷ್ಟೇ ಮಂಜುಗಡ್ಡೆ ಬೇಕು. ಕೆಡದಂತೆ ಕಾಯ್ದಿಟ್ಟ ಸರಕಿಗಷ್ಟೇ ಬೆಲೆಯೆಂಬುದನ್ನು ತಿಕೋಟಾ, ಬಬಲೇಶ್ವರದ ಒಣದ್ರಾಕ್ಷಿ ವ್ಯಾಪಾರವೇ ನಮಗೆ ಕಲಿಸಿದೆ. ದ್ರಾಕ್ಷಿಯ ಶೀತಲಗೃಹದಲ್ಲಿ ಮೀನಿಡುವುದು ತರವಲ್ಲ, ವಾಸನೆ ಹತ್ತುತ್ತದೆ. ಆದ್ದರಿಂದ ಮಂಜುಗಡ್ಡೆ ತಯಾರಕರು, ಲಾರಿ ಮಾಲೀಕರು, ಮೀನು ವ್ಯಾಪಾರಿಗಳು ಕೂಡಿ ನಗರದಲ್ಲಿ ಪ್ರತ್ಯೇಕ ಶೀತಲ ಕೋಣೆಯೊಂದನ್ನು ಕಟ್ಟುವುದು ಲೇಸು. ಕಡಲಿನವರಿಗೆ ನ್ಯಾಯವಾದ ದರ, ನಮ್ಮವರಿಗೆ ಹೊಸ ಉದ್ಯೋಗ ಎರಡೂ ಇದರಿಂದ ಸಾಧ್ಯ. ಈ ಕುರಿತ ಮಾತುಕತೆಗೆ ನಮ್ಮ ಸಂಸ್ಥೆಯೇ ಮುಂದಾಗಲಿ.